ಭಾರನಿಯಮನ

"ಏ ರಂಡೇರಾ, ಬುಟ್ಟಿ ಯಾಕ ಇಳಿಸೀರಿ? ನಿಮ್ಮಪ್ಪ ಬಂದು ಹೊರ್ತಾನೇನು?"

ನಮ್ಮ ಕೂಲಿ ಮೇಸ್ತ್ರಿ, ಮುಕಾದಮ ಗುರುಲಿಂಗಪ್ಪ ಅಂಗಳದಿಂದ ಕೂಗಿದ. ನಾವು ಹೆಂಗಸರು ಮೆಟ್ಟಿಲ ಕೆಳಗಿನ ನೆರಳಿನಲ್ಲಿ ಇಟ್ಟಿಗೆಯ ಬುಟ್ಟಿಗಳನ್ನಿಟ್ಟು ಕುಳಿತಿದ್ದೆವು. ಯಾರೂ ಏಳಲಿಲ್ಲ. ಎಲ್ಲರೂ ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ.

ಅದು ಮಹಾರಾಷ್ಟ್ರದ ಸಂಭಾಜಿನಗರದಾಚೆ, ವಾಳೂಜಿನ ದಾರಿಯಲ್ಲಿರುವ ಕರೆಂಟ್ ಆಫೀಸು. ಅದರ ಮೇಲೆ ಇನ್ನೊಂದು ಅಂತಸ್ತು ಏಳುತ್ತಿತ್ತು. ಕಟ್ಟುವವರು ನಾವು, ಕಲಬುರಗಿ ಕಡೆಯಿಂದ ಬಂದವರು. ಕರೆಂಟ್ ಇದ್ದಾಗ ಇಟ್ಟಿಗೆ ಲಿಫ್ಟಿನಲ್ಲಿ ಮೇಲೆ ಹೋಗುತ್ತದೆ. ಇಲ್ಲದಾಗ ನಮ್ಮ ತಲೆಯ ಮೇಲೆ. ಈ ಮೇ ತಿಂಗಳಲ್ಲಿ ಕರೆಂಟ್ ಹೋಗುವುದು ಸರಿಯಾಗಿ ಮಧ್ಯಾಹ್ನ, ಕಬ್ಬಿಣದ ಸರಳು ಮುಟ್ಟಿದರೆ ಕೈಯ ತೊಗಲು ಅಂಟಿಕೊಳ್ಳುವ ಹೊತ್ತಿಗೆ. ಆಫೀಸಿನ ಜನರೇಟರ್ ಸಾಹೇಬರ ಕೋಣೆಗೆ ಮಾತ್ರ.

ನನ್ನ ಅಣ್ಣನ ಹೆಂಡತಿ ಉಮಾಶ್ರೀ ವೈನಿ ಏಳು ತಿಂಗಳ ಬಸುರಿ. ಹೋದ ಬೇಸಿಗೆಯಲ್ಲಿ ಹೀಗೇ ಭಾರ ಹೊತ್ತು ಮೆಟ್ಟಿಲು ಹತ್ತುವಾಗ ಅವಳ ಹೊಟ್ಟೆಯಲ್ಲಿದ್ದದ್ದು ಹೋಗಿತ್ತು. ಲಿಫ್ಟ್ ನಡೆಯುವಾಗ ಅವಳು ಕೆಳಗೆ ಕುಳಿತು ಇಟ್ಟಿಗೆ ತುಂಬುತ್ತಾಳೆ. ಅದು ನಿಂತರೆ ಅವಳಿಗೂ ಸಿಂಬಿ, ಅವಳಿಗೂ ಬುಟ್ಟಿ.

ಅವತ್ತು ಬೆಳಿಗ್ಗೆ ಗೇಟಿಗೆ ಒಂದು ಮರಾಠಿ ಕಾಗದ ಅಂಟಿಸಿದ್ದರು. ನಾನು ಆರನೆಯ ಇಯತ್ತೆಗೆ ಶಾಲೆ ಬಿಟ್ಟವಳು. ಹಿಂದಿ ಅಕ್ಷರ ಬರುತ್ತಿದ್ದರಿಂದ ಕೂಡಿಸಿ ಕೂಡಿಸಿ ಓದಿದೆ. ಬಿಸಿಲು ಹೆಚ್ಚಾಗಿದೆ, ಹನ್ನೆರಡರಿಂದ ನಾಲ್ಕರವರೆಗೆ 'ಭಾರನಿಯಮನ' ಎಂದಿತ್ತು. ಭಾರ ಗೊತ್ತು. ನಿಯಮವೂ ಗೊತ್ತು. ವೈನಿಯ ಕಿವಿಯಲ್ಲಿ ಹೇಳಿದೆ.

"ಬಿಸಲಾಗ ತಲಿ ಮ್ಯಾಲ ಭಾರ ಹೊರಬಾರ್ದಂತ ಸರಕಾರ ನೇಮ ಮಾಡ್ಯಾದ."

ವೈನಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, "ಖರೇನಾ?" ಅಂದಳು.

ತಾಂಡಾದ ಪ್ರೇಮಾಬಾಯಿ ನಂಬಲಿಲ್ಲ. "ನಮಗ ತಲಿ ಅದ ಅಂತ ಸರಕಾರಕ್ಕ ಯಾವ ಹಾಟ್ಯಾ ಹೇಳಿದ?" ಅಂದಳು. ಆದರೂ ಲಿಫ್ಟ್ ನಿಂತಾಗ ಎಲ್ಲರಿಗಿಂತ ಮೊದಲು ಬುಟ್ಟಿ ಇಳಿಸಿದವಳು ಅವಳೇ.

ಈಗ ಗುರುಲಿಂಗಪ್ಪನಿಗೆ ಉತ್ತರ ಕೊಟ್ಟವಳೂ ಅವಳೇ. "ಗೇಟಿಗಿ ಕಾಗದ ಹಚ್ಚ್ಯಾರಲ್ರೀ ಮುಕಾದಮ್ರೇ. ಭಾರನಿಯಮನ ಅಂತ. ಈ ಹುಡುಗಿ ಓದ್ಯಾಳ."

ಅವನಿಗೆ ಮೊದಲು ತಿಳಿಯಲಿಲ್ಲ. ತಿಳಿದ ಮೇಲೆ ತೊಡೆ ತಟ್ಟಿಕೊಂಡು ನಕ್ಕ.

ಆ ಹೊತ್ತಿಗೆ ಗೇಟಿನಲ್ಲಿ ಕಾಲನಿಯ ಜನ ಸೇರಿದ್ದರು. ರಾತ್ರಿಯೂ ಕರೆಂಟ್ ಹೋಗಿ, ಫ್ಯಾನಿಲ್ಲದೆ ಕಣ್ಣು ಕೆಂಪಾದವರು. ಬಿಲ್ಲು ಹೊತ್ತಿಗೆ ಸರಿಯಾಗಿ ಬರುತ್ತದೆ, ಕರೆಂಟ್ ಎಲ್ಲಿ ಎಂದು ಮರಾಠಿಯಲ್ಲಿ ಒದರುತ್ತಿದ್ದರು. ಒಬ್ಬ ಹೆಂಗಸು ಕೂಸಿನ ಅಂಗಿ ಎತ್ತಿ, ಬೆವರುಸಾಲೆ ಎದ್ದ ಬೆನ್ನು ತೋರಿಸುತ್ತಿದ್ದಳು. ಸಾಹೇಬರು ಕೋಣೆಯ ಬಾಗಿಲಲ್ಲಿ ನಿಂತು, "ವರೂನ್ ಆದೇಶ್ ಆಹೇ," ಮೇಲಿನಿಂದ ಆದೇಶ, ಎಂದು ಅದನ್ನೇ ಹೇಳುತ್ತಿದ್ದರು. ಯಾರಾದರೂ ಅವರ ಕಾಲರಿಗೆ ಕೈ ಹಾಕುವುದೊಂದು ಬಾಕಿ ಇತ್ತು.

ಗುರುಲಿಂಗಪ್ಪ ಹೋಗಿ ಅವರ ಕಿವಿಯಲ್ಲಿ ಹೇಳಿದ. ಸಾಹೇಬರ ಮುಖ ಅರಳಿತು. ನಮ್ಮ ಕಡೆ ಬೆರಳು ಮಾಡಿ, ನಾನು ಓದಿದ್ದನ್ನು ಜನರಿಗೆಲ್ಲ ಕೇಳುವ ಹಾಗೆ ಹೇಳಿದರು. ಆಮೇಲೆ ನನಗೆ, ಸಣ್ಣ ಮಕ್ಕಳಿಗೆ ಹೇಳುವ ಹಾಗೆ: "ಬಾಯಿ, ತೇ ಲೋಡ್‌ಶೆಡ್ಡಿಂಗ್. ವಿಜೇಚಾ ಭಾರ. ತುಮ್‌ಚ್ಯಾ ಡೋಕ್ಯಾಚಾ ನಾಹೀ."

ಕರೆಂಟಿನ ಭಾರವಂತೆ. ನಮ್ಮ ತಲೆಯದಲ್ಲ.

ಗೇಟಿಗೆ ಗೇಟೇ ನಕ್ಕಿತು. ಕೂಸಿನ ತಾಯಿಯೂ ನಕ್ಕಳು. ಆಗಷ್ಟೇ ಸಾಹೇಬರ ಮೈಮೇಲೆ ಬೀಳಲಿದ್ದವರು ಈಗ ಅವರ ಜೊತೆ ಸೇರಿ ನಗುತ್ತಿದ್ದರು. ಆ ನಗುವಿನಲ್ಲೇ ಸಾಹೇಬರು ಒಳಗೆ ಸರಿದು ಬಾಗಿಲು ಮುಂದೆ ಮಾಡಿಕೊಂಡರು.

"ಏಳ್ರಿ ಈಗ," ಅಂದ ಗುರುಲಿಂಗಪ್ಪ. "ಮೊದ್ಲು ನೀ ಏಳು, ಉಮಿ. ಬಸರಾಗುವಾಗ ಗಂಡನ ಭಾರ ತಡಕೊಂಡಿ, ಇಟ್ಟಂಗಿ ಭಾರ ತಡಿಯಂಗಿಲ್ಲೇನು?"

ವೈನಿ ಗೋಡೆ ಹಿಡಿದು ಎದ್ದಳು. ಅವನೇ ಬುಟ್ಟಿ ಎತ್ತಿ ಅವಳ ತಲೆಗಿಟ್ಟ. ಕತ್ತು ಕುಸಿದು ಮತ್ತೆ ನೆಟ್ಟಗಾಯಿತು. ಅವಳು ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟಳು.

ನಾನು ಹೊರಗಿನವರೆದುರು ಬಾಯಿ ತೆರೆದವಳಲ್ಲ. ಅವಳ ತಲೆಯಿಂದ ಬುಟ್ಟಿ ತೆಗೆದು ನನ್ನ ತಲೆಗೆ ಇಟ್ಟುಕೊಂಡೆ. ಒಂದು ಕೈಯಲ್ಲಿ ಅವಳ ಕೈ ಹಿಡಿದೆ. ಮೆಟ್ಟಿಲು ಹತ್ತಲಿಲ್ಲ. ಸಾಹೇಬರ ಕೋಣೆಯ ಬಾಗಿಲನ್ನು ಕಾಲಿನಿಂದ ನೂಕಿದೆ.

ಒಳಗಿನ ತಂಪು ಒಮ್ಮೆಲೇ ಬಡಿದು ಮೈಯೆಲ್ಲ ಜುಮ್ಮೆಂದಿತು. ಸಾಹೇಬರು ಎದ್ದು ನಿಂತು, "ಏ, ಏ, ಕುಠೇ?" ಎಲ್ಲಿಗೆ, ಅಂದರು. ಮೇಜಿಗೆ ಗಾಜು ಹಾಸಿತ್ತು. ಅದರ ಮೇಲೆ ಅವರ ಊಟದ ಡಬ್ಬಿ. ಡಬ್ಬಿಯನ್ನು ಪಕ್ಕಕ್ಕೆ ಸರಿಸಿ ನಾನು ಬುಟ್ಟಿ ಇಳಿಸಿದೆ. ಗಾಜು ಚಟ್ಟನೆ ಬಿರಿಯಿತು.

ವೈನಿ ಗೋಡೆಗೆ ಒರಗಿ, ಆ ತಣ್ಣನೆಯ ನೆಲದ ಮೇಲೆ ಕಾಲು ಚಾಚಿ ಕುಳಿತುಬಿಟ್ಟಳು.

ಗುರುಲಿಂಗಪ್ಪ ಹಿಂದಿನಿಂದ ಬಂದು ನನ್ನ ಜಡೆ ಹಿಡಿದ. ಗೇಟಿನ ನಗು ನಿಂತುಹೋಗಿತ್ತು. ಬಾಗಿಲಲ್ಲಿ ಪ್ರೇಮಾಬಾಯಿ ಬುಟ್ಟಿ ಹೊತ್ತು ನಿಂತಿದ್ದಳು, ಅವಳ ಹಿಂದೆ ಉಳಿದ ಹೆಂಗಸರು.

"ಹಾದಿ ಬಿಡ್ರಿ ಮುಕಾದಮ್ರೇ," ಅಂದಳು ಅವಳು. "ತಲಿ ಮ್ಯಾಲ ಭಾರ ಅದ."