ನೂರ ಮೂವತ್ತಮೂರನೆಯ ಸರ್ವಿಸ್

ಗಿಟಾರ್ ನಿರ್ವಹಣೆಯ ಇತಿಹಾಸವನ್ನು ಯಾರಾದರೂ ಬರೆಯುವುದಾದರೆ ಆ ಬುಧವಾರಕ್ಕೆ ಅದರಲ್ಲಿ ಒಂದು ಅಧ್ಯಾಯವನ್ನೇ ಮೀಸಲಿಡಬೇಕಾಗುತ್ತದೆ. ಹನ್ನೊಂದು ವರ್ಷ, ತಿಂಗಳ ಮೊದಲ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಸರಿಯಾಗಿ ನಡೆದುಕೊಂಡು ಬಂದಿದ್ದ ಸರ್ವಿಸ್ ಅಂದು ವಾರದ ನಡುವೆ, ಅದೂ ಸಂಜೆ ಆರಕ್ಕೆ ನಡೆಯಿತು. ಹಿಂದಿನ ನೂರ ಮೂವತ್ತೆರಡು ಸರ್ವಿಸುಗಳಲ್ಲಿ ಒಮ್ಮೆಯೂ ಹೀಗಾಗಿರಲಿಲ್ಲ. ಮನೆಯವರಿಗೆಲ್ಲ ಒಟ್ಟಿಗೆ ಜ್ವರ ಬಂದಾಗಲೂ ಆಗಿರಲಿಲ್ಲ. ಮನೆ ಬದಲಿಸಿದ ದಿನ, ಮಂಚದ ಕಾಲುಗಳು ಇನ್ನೂ ಲಾರಿಯಲ್ಲಿರುವಾಗಲೇ ಗಿಟಾರಿನ ಸರ್ವಿಸ್ ಮುಗಿದಿತ್ತು.

ಸರ್ವಿಸ್ ಮಾಡುತ್ತಿದ್ದವರು ಲಿಫ್ಟ್ ಮೆಕ್ಯಾನಿಕ್. ಇಪ್ಪತ್ತೆಂಟು ವರ್ಷಗಳಿಂದ ಊರಿನ ಅರ್ಧ ಜನರನ್ನು ಮೇಲಕ್ಕೆತ್ತಿ ಕೆಳಗಿಳಿಸುತ್ತ ಬಂದವರು. ತಾವು ಮಾತ್ರ ಮೂರನೆಯ ಮಹಡಿಯ ಮನೆಗೆ ಮೆಟ್ಟಿಲು ಹತ್ತಿಕೊಂಡೇ ಹೋಗುವವರು, ಆ ಕಟ್ಟಡಕ್ಕೆ ಲಿಫ್ಟ್ ಇರಲಿಲ್ಲವಾದ್ದರಿಂದ. ಅಕ್ಕಪಕ್ಕದವರ ಬಾಯಲ್ಲಿ ಅವರು ಲಿಫ್ಟಿನವರು.

ಗಿಟಾರ್ ಅವರದಲ್ಲ, ತಂಗಿಯದು. ಅವಳು ಅದನ್ನು ಚೆನ್ನಾಗಿ ನುಡಿಸುತ್ತಿದ್ದವಳು. ಹನ್ನೊಂದು ವರ್ಷದ ಹಿಂದೆ ಎಡಗೈಯ ಮಣಿಕಟ್ಟು ಕೆಟ್ಟು, ಶಸ್ತ್ರಚಿಕಿತ್ಸೆಯಾಗಿ, ಡಾಕ್ಟರು ಇನ್ನು ಇದನ್ನು ಮರೆತುಬಿಡಿ ಎಂದಾಗ, ತಂದು ಅಣ್ಣನ ಕೈಗೆ ಕೊಟ್ಟಳು. "ಕಣ್ಣೆದುರಿಗಿದ್ರೆ ಹೊಟ್ಟೆ ಉರಿಯುತ್ತೆ, ಮಾರೋಕೆ ಮನಸ್ಸು ಬರಲ್ಲ. ನೀನೇ ನೋಡ್ಕೋ" ಎಂದು ಹೇಳಿ ಒಂದು ಚೀಟಿಯನ್ನೂ ಬರೆದುಕೊಟ್ಟಳು. ಅದರಲ್ಲಿದ್ದದ್ದು ನಾಲ್ಕೇ ಸಾಲು. ಒಣಬಟ್ಟೆಯಲ್ಲಿ ಒರೆಸು. ಬಿಸಿಲಿಗೂ ತೇವದ ಗೋಡೆಗೂ ತಾಗಿಸಬೇಡ. ತಂತಿ ಸ್ವಲ್ಪ ಸಡಿಲ ಬಿಟ್ಟಿರು. ತುಕ್ಕು ಹಿಡಿದರೆ ತಂತಿ ಬದಲಿಸು.

ನಾಲ್ಕು ಸಾಲಿನಲ್ಲಿ ಮುಗಿದುಹೋಗುವ ಯಂತ್ರವನ್ನು ಲಿಫ್ಟಿನವರು ತಮ್ಮ ಸರ್ವಿಸಿನಲ್ಲೇ ಕಂಡಿರಲಿಲ್ಲ. ಲಿಫ್ಟಿನ ಮೋಟಾರು ಕೋಣೆಯಲ್ಲಿ ತೂಗುಹಾಕುವಂಥ ದಪ್ಪ ಹಳದಿ ಕಾರ್ಡೊಂದನ್ನು ತಂದು ಗಿಟಾರಿನ ಪಕ್ಕದ ಮೊಳೆಗೆ ನೇತುಹಾಕಿದರು. ಒಂದು ವರ್ಷದೊಳಗೆ ನಾಲ್ಕು ಸಾಲು ಹದಿನಾಲ್ಕು ಅಂಶಗಳಾಗಿ ಬೆಳೆದವು. ತಂತಿ ಬಿಗಿಯುವ ಕಿವಿಗಳ ಸ್ಕ್ರೂ ನೋಡುವುದು, ಹಲ್ಲಿನ ಡಾಕ್ಟರು ಬಳಸುವಂಥ ಪುಟ್ಟ ಕನ್ನಡಿಯನ್ನು ಹೊಟ್ಟೆಯ ತೂತಿನೊಳಗೆ ಇಳಿಸಿ ಟಾರ್ಚಿನಿಂದ ಬಿರುಕು ಹುಡುಕುವುದು, ಗಾಳಿ ಒಣಗಿದ ತಿಂಗಳುಗಳಲ್ಲಿ ಮರ ಸೀಳದಂತೆ ಪಕ್ಕದಲ್ಲೊಂದು ಬಟ್ಟಲು ನೀರಿಡುವುದು. ಒಂಬತ್ತನೆಯ ಅಂಶ: "ಫ್ರೆಟ್ – ಹೊಳಪು." ಫ್ರೆಟ್ ಎಂದರೆ ಗಿಟಾರಿನ ಕುತ್ತಿಗೆಯ ಮೇಲೆ ಅಡ್ಡಡ್ಡಲಾಗಿ ಕೂರಿಸಿದ ಲೋಹದ ಕಂಬಿಗಳು, ತಂತಿಯನ್ನು ಅವುಗಳ ಮೇಲೆ ಒತ್ತಿಹಿಡಿದರೇ ಸ್ವರ. ಪ್ರತಿ ಅಂಶದ ಮುಂದೆ ತಿಂಗಳು ತಿಂಗಳೂ ಸಹಿ ಬೀಳುತ್ತಿತ್ತು. ಕಾರ್ಡುಗಳು ಸೇರಿ ಸೇರಿ ಆರಾಗಿದ್ದವು. ಇಷ್ಟು ಮುದ್ದು ಮಾಡಿಸಿಕೊಂಡ ಇನ್ನೊಂದು ವಸ್ತು ಆ ಮನೆಯಲ್ಲಿರಲಿಲ್ಲ. ತನ್ನ ಮಂಡಿನೋವಿಗೆ ಹೀಗೊಂದು ಕಾರ್ಡು ಮಾಡಿಸಿ ಎಂದು ಹೆಂಡತಿ ಎರಡು ಸಲ ಅರ್ಜಿ ಹಾಕಿದ್ದರು, ಅದಿನ್ನೂ ಪರಿಶೀಲನೆಯಲ್ಲಿತ್ತು.

ಬುಧವಾರದ ತುರ್ತು ಸರ್ವಿಸಿಗೆ ಕಾರಣ ಮಂಗಳವಾರ ಬಂದ ಫೋನು. ತಂಗಿ ಇರುವುದು ರೈಲಿನಲ್ಲಿ ನಾಲ್ಕು ಗಂಟೆ ದೂರದ ಊರಿನಲ್ಲಿ. ಔಷಧದ ಅಂಗಡಿಯಲ್ಲಿ ಕೆಲಸ.

"ಅಣ್ಣಾ, ಒಂದು ವರ್ಷದಿಂದ ಕೈಗೆ ವ್ಯಾಯಾಮ ಮಾಡ್ತಿದ್ದೆ, ನಿಂಗೆ ಹೇಳಿರಲಿಲ್ಲ. ಬೆರಳು ಮಾತು ಕೇಳ್ತಿವೆ. ಮೆತ್ತಗೆ ಒತ್ತಬಹುದಂತೆ, ಜೋರಾಗಿ ಮಾತ್ರ ಒತ್ತಬಾರದಂತೆ. ಶನಿವಾರ ಬಂದು ಒಂದ್ಸಲ ನೋಡಿಬಿಡ್ತೀನಿ."

"ನೋಡೋದೇನು, ಆಗೇ ಆಗುತ್ತೆ."

"ಆಗದಿದ್ರೆ ಅಲ್ಲಿಗೆ ಮುಗೀತು. ಮತ್ತೆ ಅದರ ಆಸೆ ಇಟ್ಕೊಳ್ಳಲ್ಲ. ಹನ್ನೊಂದು ವರ್ಷ ಸಾಕಾಗಿದೆ."

ಫೋನಿಟ್ಟ ಲಿಫ್ಟಿನವರು ಗಿಟಾರನ್ನು ಸ್ವಲ್ಪ ಹೊತ್ತು ನೋಡಿದರು. ಅವರಿಗೆ ಒಂದೇ ಒಂದು ಕೊರತೆ ಕಂಡಿತು. ಲಿಫ್ಟನ್ನು ಎಷ್ಟೇ ಚೆನ್ನಾಗಿ ನೋಡಿಕೊಂಡರೂ ವರ್ಷಕ್ಕೊಮ್ಮೆ ಹೊರಗಿನ ಇನ್ಸ್‌ಪೆಕ್ಟರ್ ಬಂದು ಸಹಿ ಹಾಕಬೇಕು. ಆ ಸಹಿಯಿಲ್ಲದೆ ಜನರನ್ನು ಹತ್ತಿಸುವಂತಿಲ್ಲ. ಗಿಟಾರಿನ ಕಾರ್ಡಿನಲ್ಲಿ ಅವರೊಬ್ಬರದೇ ಸಹಿ ಇತ್ತು. ಹಾಗಾಗಿ ಬುಧವಾರ ಸರ್ವಿಸ್ ಮುಗಿಸಿ, ಗುರುವಾರ ಅರ್ಧ ದಿನ ರಜೆ ಹಾಕಿ, ಗಿಟಾರನ್ನು ಬಗಲಲ್ಲಿಟ್ಟುಕೊಂಡು ವಾದ್ಯ ರಿಪೇರಿಯ ಅಂಗಡಿಗೆ ಹೋದರು.

ಅಂಗಡಿಯೆಂದರೆ ಒಂದು ಉದ್ದನೆಯ ಕೋಣೆ. ಗೋಡೆಯುದ್ದಕ್ಕೂ ಕುತ್ತಿಗೆಯಲ್ಲಿ ನೇತುಬಿದ್ದ ಗಿಟಾರುಗಳು, ಗೋಂದಿನ ವಾಸನೆ, ಮೇಜಿನ ಮೇಲೆ ಮರದ ಹೊಟ್ಟು. ರಿಪೇರಿಯವರಿಗೆ ಎರಡು ಕನ್ನಡಕ. ಒಂದು ಮೂಗಿನ ಮೇಲೆ, ಒಂದು ಹಣೆಯ ಮೇಲೆ. ಅವರು ಗಿಟಾರಿನ ತಂತಿ ಬಿಗಿದು, ಮೆತ್ತಗೆ ಒತ್ತಿ ಒಂದು ಸಲ ಮೀಟಿದರು. ಡಬ್ಬಿಯೊಳಗೆ ನೊಣ ಸಿಕ್ಕಿಹಾಕಿಕೊಂಡಂತೆ ಜರ್ರ್ ಎಂದಿತು. ಕುತ್ತಿಗೆಯ ಮೇಲೆ ಹೆಬ್ಬೆರಳು ಎಳೆದರು.

"ಯಾರು ಸಾರ್ ನುಡಿಸೋದು?"

"ಯಾರೂ ಇಲ್ಲ."

"ನನ್ ಹತ್ರ ಯಾಕೆ ಮುಚ್ಚುಮರೆ. ದಿನಕ್ಕೆ ಆರೇಳು ಗಂಟೆ ಬಾರಿಸಿದಾರೆ, ಹತ್ತು ವರ್ಷ. ಫ್ರೆಟ್ಟೆಲ್ಲ ಸವೆದು ಹೋಗಿದೆ."

"ಹನ್ನೊಂದು ವರ್ಷದಿಂದ ಅದು ಗೋಡೆ ಮೇಲಿದೆ ಸ್ವಾಮಿ."

"ಹಾಗಾದ್ರೆ ಗೋಡೆ ಚೆನ್ನಾಗಿ ನುಡಿಸುತ್ತೆ" ಎಂದರು ರಿಪೇರಿಯವರು. "ಈಗ ಇದ್ರಲ್ಲಿ ಸ್ವರ ಬರ್ಬೇಕು ಅಂದ್ರೆ ಬಲ ಹಾಕಿ ಒತ್ತಬೇಕು."

"ಮೆತ್ತಗೆ ಒತ್ತಿದ್ರೆ?"

"ಕೇಳಿದ್ರಲ್ಲ ಈಗ."

ಸಹಿ ಸಿಗಲಿಲ್ಲ. ಲಿಫ್ಟಿನವರು ಗಿಟಾರನ್ನು ಮನೆಗೆ ತಂದು ಮೊಳೆಗೆ ತೂಗುಹಾಕಿ ವಿಚಾರಣೆ ಆರಂಭಿಸಿದರು. ಮನೆಯಲ್ಲಿರುವುದು ಮೂರೇ ಜನ. ತಮ್ಮನ್ನು ಬಿಟ್ಟರೆ ಇಬ್ಬರು ಆರೋಪಿಗಳು: ಅಂಚೆ ಕಚೇರಿಯ ಕೌಂಟರಿನಲ್ಲಿ ಕೂರುವ ಹೆಂಡತಿ, ಕಾಲೇಜಿಗೆ ಹೋಗುವ ಮಗಳು.

"ನಿಜ ಹೇಳು. ನಾನಿಲ್ದಾಗ ಅದನ್ನ ನುಡಿಸ್ತೀಯಾ?"

"ನುಡಿಸ್ತೀನಲ್ಲ" ಎಂದರು ಹೆಂಡತಿ, ಒಗೆದ ಬಟ್ಟೆ ಮಡಚುತ್ತ. "ಬೆಳಿಗ್ಗೆ ಎಂಟಕ್ಕೆ ಹೋಗಿ ಸಂಜೆ ಆರಕ್ಕೆ ಬರ್ತೀನಿ, ಆಮೇಲೆ ಒಲೆ, ಪಾತ್ರೆ. ನಡುವೆ ಪುರುಸೊತ್ತು ಮಾಡ್ಕೊಂಡು ಒಂದಾರು ಗಂಟೆ ಬಾರಿಸ್ತೀನಿ."

"ತಮಾಷೆ ಅಲ್ಲ ಇದು."

"ತಮಾಷೆ ಮಾಡೋಕೆ ನಂಗೆಲ್ಲಿದೆ ರೀ ಟೈಮು, ಸಂಗೀತ ಅಭ್ಯಾಸ ಇರುವಾಗ."

ಮಗಳು ಇನ್ನೂ ಸಂಕ್ಷಿಪ್ತವಾಗಿ ಹೇಳಿಕೆ ಕೊಟ್ಟಳು. "ಅಪ್ಪಾ, ಅದರ ಹತ್ರ ಹೋದ್ರೆ ನೀವು ಕಾರ್ಡಲ್ಲಿ ಸಹಿ ಮಾಡಿಸ್ಕೋತೀರ ಅಂತ ನಾನು ಆ ಗೋಡೆ ಕಡೆ ತಲೆ ಹಾಕಿ ಮಲಗೋದೂ ಇಲ್ಲ."

ಇಬ್ಬರನ್ನೂ ನಂಬದೆ ವಿಧಿಯಿರಲಿಲ್ಲ. ಶುಕ್ರವಾರ ಲಿಫ್ಟಿನವರು ಗಿಟಾರಿನ ಜೊತೆ ಆರೂ ಕಾರ್ಡುಗಳನ್ನು ಪುರಾವೆಯಾಗಿ ತೆಗೆದುಕೊಂಡು ಮತ್ತೆ ಅಂಗಡಿಗೆ ಹೋದರು. ರಿಪೇರಿಯವರು ಈ ಸಲ ಹಣೆಯ ಕನ್ನಡಕವನ್ನು ಮೂಗಿಗಿಳಿಸಿ ಮೂಗಿನದನ್ನು ಹಣೆಗೇರಿಸಿ ಫ್ರೆಟ್‌ಗಳನ್ನು ಒಂದೊಂದಾಗಿ ನೋಡಿದರು. ನುಡಿಸಿ ಸವೆದರೆ ತಂತಿ ಕೂರುವ ಜಾಗದಲ್ಲಿ ಮಾತ್ರ ಗುಳಿ ಬೀಳುತ್ತದೆ, ಅದೂ ಮೊದಲ ನಾಲ್ಕೈದು ಫ್ರೆಟ್‌ಗಳಲ್ಲಿ. ಇಲ್ಲಿ ಗುಳಿಯೇ ಇರಲಿಲ್ಲ. ಯಾರ ಬೆರಳೂ ಹೋಗದ ಇಪ್ಪತ್ತನೆಯ ಫ್ರೆಟ್ಟೂ ಮೊದಲನೆಯದರಷ್ಟೇ ತೆಳ್ಳಗಾಗಿತ್ತು. ರಿಪೇರಿಯವರು ಗಿಟಾರನ್ನು ಕೆಳಗಿಟ್ಟು ಕಾರ್ಡು ಕೈಗೆತ್ತಿಕೊಂಡರು.

"ಒಂಬತ್ತನೇದು, ಹೊಳಪು ಅಂತ ಇದ್ಯಲ್ಲ. ಯಾವುದ್ರಲ್ಲಿ ಹೊಳಪು?"

"ಉಪ್ಪುಕಾಗದದಲ್ಲಿ. ತುಂಬ ನುಣುಪಿಂದು. ಲಿಫ್ಟಿನ ಸ್ವಿಚ್ಚಿನ ಕಾಂಟ್ಯಾಕ್ಟುಗಳಿಗೆ ಅದನ್ನೇ ಬಳಸೋದು."

"ಪ್ರತಿ ತಿಂಗಳು?"

"ತಪ್ಪದೆ." ಈ ಉತ್ತರದಲ್ಲಿ ಇನ್ನೂ ಸ್ವಲ್ಪ ಹೆಮ್ಮೆ ಉಳಿದಿತ್ತು. "ಪ್ರತಿ ಸಲ ಒಂದಿಷ್ಟು ಕಪ್ಪು ಪುಡಿ ಬರ್ತಿತ್ತು. ಕೊಳೆ ಹೋಗ್ತಿದೆ ಅಂದ್ಕೊಂಡಿದ್ದೆ."

"ಕೊಳೆ ಎರಡು ತಿಂಗಳಿಗೇ ಹೋಗಿರುತ್ತೆ ಸಾರ್. ಆಮೇಲೆ ಹೋಗಿದ್ದು ಫ್ರೆಟ್ಟು."

ಇಪ್ಪತ್ತೆಂಟು ವರ್ಷದ ಸರ್ವಿಸಿನಲ್ಲಿ ಒಂದು ಲಿಫ್ಟನ್ನೂ ಕೆಡಿಸದವರು ಅಲ್ಲಿದ್ದ ಮೂರು ಕಾಲಿನ ಸ್ಟೂಲಿನ ಮೇಲೆ ಕೂತರು. ಹಳೆಯ ಫ್ರೆಟ್ ಕಿತ್ತು ಹೊಸದು ಕೂರಿಸಬಹುದು, ಆದರೆ ನಾಲ್ಕು ದಿನವಾದರೂ ಬೇಕು ಎಂದರು ರಿಪೇರಿಯವರು. ಶನಿವಾರಕ್ಕೆ ಉಳಿದಿದ್ದು ಒಂದು ರಾತ್ರಿ. ಗಿಟಾರ್ ಇಲ್ಲೇ ಬಿಟ್ಟು ಹೋಗಿ ಎಂದರೂ ಕೇಳದೆ ಲಿಫ್ಟಿನವರು ಅದನ್ನು ವಾಪಸು ತಂದರು. ಹನ್ನೊಂದು ವರ್ಷದ ನಂತರ ನುಡಿಸಲು ಬರುವ ತಂಗಿಗೆ ಬರಿಯ ಮೊಳೆ ತೋರಿಸುವುದು ಅವರಿಂದ ಆಗದ ಕೆಲಸವಾಗಿತ್ತು.

"ಈಗ್ಲೇ ಫೋನ್ ಮಾಡಿ ಹೇಳಿಬಿಡಿ" ಎಂದರು ಹೆಂಡತಿ.

"ಫೋನಲ್ಲಿ ಹೇಳೋ ವಿಷಯವಲ್ಲ. ನಾಳೆ ಬಂದು ಕಾಫಿ ಕುಡಿದ ಮೇಲೆ ನಿಧಾನವಾಗಿ ಹೇಳ್ತೀನಿ."

"ಅವಳು ಮುಟ್ಟೋಕೆ ಮುಂಚೆ ಹೇಳಿ. ಅಷ್ಟೇ."

ತಂಗಿ ಶನಿವಾರ ಹನ್ನೊಂದಕ್ಕೆ ಬಂದಳು. ಬಾಗಿಲಲ್ಲಿ ಚಪ್ಪಲಿ ಬಿಟ್ಟವಳು ಕಾಫಿಗೆ ಕಾಯಲಿಲ್ಲ, ಕೂರಲೂ ಇಲ್ಲ. ಅಣ್ಣ ಅಡುಗೆಮನೆಯಿಂದ ಲೋಟ ತರುವಷ್ಟರಲ್ಲಿ ಗಿಟಾರನ್ನು ಮೊಳೆಯಿಂದ ಇಳಿಸಿ, ತಂತಿ ಬಿಗಿದು, ಕಿಟಕಿಯ ಪಕ್ಕ ಕೂತು, ಎಡಗೈ ಬೆರಳುಗಳನ್ನು ಡಾಕ್ಟರು ಹೇಳಿದಷ್ಟೇ ಮೆತ್ತಗೆ ತಂತಿಯ ಮೇಲಿಟ್ಟು ಮೀಟಿದಳು.

ಜರ್ರ್ ಎಂದಿತು. ಇನ್ನೊಮ್ಮೆ ಮೀಟಿದಳು. ಬೆರಳು ಸರಿಸಿ ಮೂರನೆಯ ಸಲ. ಆಮೇಲೆ ಅವಳು ನೋಡಿದ್ದು ಗಿಟಾರನ್ನಲ್ಲ, ತನ್ನ ಕೈಯನ್ನು.

"ಆಗಲ್ಲ ಬಿಡು ಅಣ್ಣ" ಎಂದಳು, ಅಂಗಡಿಯಲ್ಲಿ ಈ ಮಾತ್ರೆ ಸ್ಟಾಕಿಲ್ಲ ಎನ್ನುವ ದನಿಯಲ್ಲಿ. "ಕೈಯಲ್ಲಿ ಬಲ ಇಲ್ಲ. ಸುಮ್ನೆ ಆಸೆ ಪಟ್ಟೆ."

ಲಿಫ್ಟಿನವರು ಕಾಫಿ ಲೋಟವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟರು. "ತಪ್ಪು ಕೈಯದಲ್ಲ, ಗಿಟಾರ್ ಸರಿ ಇಲ್ಲ."

ತಂಗಿ ನಕ್ಕಳು. "ನಾನು ಸೈಕಲ್ಲಿಂದ ಬಿದ್ದಾಗ ರಸ್ತೆ ಸರಿ ಇಲ್ಲ ಅಂದೆ. ಲೆಕ್ಕದಲ್ಲಿ ಫೇಲಾದಾಗ ಪ್ರಶ್ನೆಪತ್ರಿಕೆ ಸರಿ ಇಲ್ಲ ಅಂದೆ. ಈಗ ಗಿಟಾರ್. ನಂಗೆ ನಲವತ್ತಾರು ವರ್ಷ ಅಣ್ಣ, ಸಮಾಧಾನ ಮಾಡ್ಬೇಡ."

ಕಷ್ಟ ಇದ್ದದ್ದು ಇಲ್ಲಿ. ಜೀವಮಾನವೆಲ್ಲ ತಂಗಿಯ ತಪ್ಪನ್ನು ಊರಿನ ಮೇಲೆ ಹೊರಿಸಿದ ಮನುಷ್ಯ, ಮೊದಲ ಸಲ ನಿಜ ಹೇಳುವಾಗ ನಂಬುವವರಿಲ್ಲ.

"ರಸ್ತೆ ಸರಿಯಾಗೇ ಇತ್ತು" ಎಂದರು ಲಿಫ್ಟಿನವರು. "ಪ್ರಶ್ನೆಪತ್ರಿಕೇನೂ ಸರಿಯಾಗಿತ್ತು, ನೀನು ಓದಿರಲಿಲ್ಲ. ಆದ್ರೆ ಇದನ್ನ ಹಾಳು ಮಾಡಿದ್ದು ನಾನು. ತಿಂಗಳಿಗೊಂದ್ಸಲ ಉಪ್ಪುಕಾಗದದಲ್ಲಿ ಉಜ್ಜಿ ಉಜ್ಜಿ ಫ್ರೆಟ್ ತೆಗೆದುಬಿಟ್ಟಿದೀನಿ. ನೋಡು." ಕಾರ್ಡುಗಳನ್ನು ತಂದು ಅವಳ ಮಡಿಲಿಗೆ ಹಾಕಿದರು.

ತಂಗಿ ಓದಿದಳು. ನಂಬಿಕೆ ಬಂದಂತೆ ಕಾಣಲಿಲ್ಲ.

"ಈ ಮನುಷ್ಯ ಸುಳ್ಳು ಹೇಳೋಕೆ ಬೇಕಾದ್ರೆ ಆರು ಕಾರ್ಡ್ ಬರೀತಾರೆ" ಎಂದಳು ಅತ್ತಿಗೆಗೆ.

"ಬರೀತಾರೆ. ಆದ್ರೆ ಈ ಸಲ ಬರ್ದಿಲ್ಲಮ್ಮ. ಗುರುವಾರ ನನ್ನ ಮೇಲೆ ಕೇಸು ಹಾಕಿದ್ರು. ಹೋಗಿ, ಇಬ್ಬರೂ ರಿಪೇರಿ ಅಂಗಡಿಗೆ ಹೋಗ್ಬನ್ನಿ. ಅಲ್ಲಿ ಬೇರೆ ಗಿಟಾರ್ ಇರ್ತವಲ್ಲ."

ಇಷ್ಟು ಸರಳವಾದದ್ದು ಇಪ್ಪತ್ತೆಂಟು ವರ್ಷದ ಮೆಕ್ಯಾನಿಕ್‌ಗೆ ಹೊಳೆದಿರಲಿಲ್ಲ: ಯಂತ್ರ ಕೆಟ್ಟಿದೆಯೋ ಕೈ ಕೆಟ್ಟಿದೆಯೋ ತಿಳಿಯಬೇಕಾದರೆ ಯಂತ್ರ ಬದಲಿಸಿ ನೋಡಬೇಕು. ಅಂಗಡಿಗೆ ಹೋಗುವ ದಾರಿಯಲ್ಲಿ ಗಿಟಾರನ್ನು ಅಣ್ಣ ಹಿಡಿದಿದ್ದರು, ಕಾರ್ಡುಗಳನ್ನು ತಂಗಿ.

ರಿಪೇರಿಯವರಿಗೆ ಯಾರೂ ಏನೂ ವಿವರಿಸಬೇಕಾಗಲಿಲ್ಲ. ತಂಗಿಯ ಎಡಗೈಯ ಮಣಿಕಟ್ಟಿನ ಹೊಲಿಗೆಯ ಗೆರೆಯನ್ನು ಒಮ್ಮೆ ನೋಡಿ, ಗೋಡೆಯಿಂದ ಒಂದು ಸಾಧಾರಣ ಗಿಟಾರ್ ಇಳಿಸಿ ಕೊಟ್ಟರು. "ಕಲಿಯೋ ಮಕ್ಕಳದು. ಫ್ರೆಟ್ ಮಾತ್ರ ಹೊಸದು."

ಅವಳು ಮೂರು ಕಾಲಿನ ಸ್ಟೂಲಿನ ಮೇಲೆ ಕೂತು ಮೆತ್ತಗೆ ಒತ್ತಿದಳು. ಮೀಟಿದಳು. ಆರೂ ತಂತಿಗಳು ಒಂದೊಂದಾಗಿ, ಬಿಡಿಸಿಟ್ಟ ಹಾಗೆ ನುಡಿದವು. ಎರಡನೆಯ ಸಲವೂ ನುಡಿದವು. ಕೈ ಬದಲಿಸಿದಾಗ ಒಂದು ಸ್ವರ ತಪ್ಪಿತು.

"ಅದು ನಿಂದೇ ತಪ್ಪು" ಎಂದರು ಲಿಫ್ಟಿನವರು.

"ಗೊತ್ತು" ಎಂದಳು ತಂಗಿ, ತಲೆಯೆತ್ತದೆ. ಮುಕ್ಕಾಲು ಗಂಟೆ ಅವಳು ಆ ಸ್ಟೂಲು ಬಿಟ್ಟು ಏಳಲಿಲ್ಲ. ರಿಪೇರಿಯವರು ಇನ್ನೊಬ್ಬರ ಪಿಟೀಲಿಗೆ ಗೋಂದು ಹಚ್ಚುತ್ತ ಕೂತರು. ಅಣ್ಣ ಬಾಗಿಲಲ್ಲಿ ನಿಂತು ಬೀದಿಯ ಕಡೆ ನೋಡುತ್ತಿದ್ದರು. ಅಲ್ಲಿ ನೋಡುವಂಥದ್ದು ಏನೂ ಇರಲಿಲ್ಲ.

ಹೊರಡುವಾಗ ತಂಗಿ ಕೇಳಿದಳು: "ಅಲ್ಲಣ್ಣ, ನಾಲ್ಕು ಸಾಲು ಬರ್ದುಕೊಟ್ಟಿದ್ದೆನಲ್ಲ, ಅಷ್ಟು ಮಾಡಿದ್ರೆ ಸಾಕಾಗ್ತಿರಲಿಲ್ವಾ?"

"ಅಷ್ಟು ಮಾಡಿದ್ರೆ ಹತ್ತು ನಿಮಿಷಕ್ಕೆ ಮುಗಿದುಹೋಗ್ತಿತ್ತು" ಎಂದರು ಲಿಫ್ಟಿನವರು. "ನೀನು ಅಷ್ಟು ಇಷ್ಟಪಟ್ಟಿದ್ದಕ್ಕೆ ಹತ್ತು ನಿಮಿಷ ಕಡಿಮೆ ಅನ್ನಿಸ್ತು."

ತಂಗಿ ರಿಪೇರಿಯವರ ಮೇಜಿನ ಮೇಲಿದ್ದ ಪೆನ್ಸಿಲ್ ತೆಗೆದುಕೊಂಡು ಆರನೆಯ ಕಾರ್ಡಿನ ಒಂಬತ್ತನೆಯ ಸಾಲನ್ನು ಹೊಡೆದುಹಾಕಿ, ಕೆಳಗೆ ತನ್ನ ಸಹಿ ಹಾಕಿದಳು.

ಗಿಟಾರ್ ನಾಲ್ಕು ದಿನದ ಬದಲು ಆರು ದಿನಕ್ಕೆ ಸಿದ್ಧವಾಯಿತು. ಮುಂದಿನ ಶನಿವಾರ ಬಂದು ತಂಗಿ ಅದನ್ನು ಊರಿಗೆ ಒಯ್ದಳು. ಅದು ಖಾಲಿ ಮಾಡಿದ ಮೊಳೆಯಲ್ಲಿ ಈಗ ಹೆಂಡತಿಯ ಮಂಡಿನೋವಿನ ಕಾರ್ಡು ತೂಗುತ್ತಿದೆ. ಹೊಸ ಫ್ರೆಟ್‌ಗಳು, ಯಾರೂ ಉಜ್ಜದಿದ್ದರೆ, ಇಪ್ಪತ್ತು ವರ್ಷ ಬಾಳುತ್ತವೆ.