ಗೆರೆ ಕುಸಿದ ವರ್ಷ

ನೀಲಿ ಗೆರೆ ನಮ್ಮದು, ಕೆಂಪು ಗೆರೆ ಪಕ್ಕದ ದೇಶದ್ದು, ಏಸಿ ಗಾಳಿ ಸೀದಾ ಕತ್ತಿನ ಮೇಲೇ ಬೀಳುತ್ತಿದೆ, ಆಫೀಸಿನವರಿಗೆ ಹೇಳಿದರೆ ಶಾಲು ತನ್ನಿ ಅನ್ನುತ್ತಾರೆ — ಐವತ್ತು ವರ್ಷದ ಬ್ಯಾಂಕುಗಳ ಜಾತಕ ಪರದೆಯ ಮೇಲಿದೆ, ಯಾವ ದೇಶದ್ದು ಗಟ್ಟಿ ಎಂದು ನಾನು ಹೇಳಬೇಕು, ಕೆಂಪು ಗೆರೆಗೆ ಸದಾ ನೆಗಡಿ, ನಾಲ್ಕೈದು ವರ್ಷಕ್ಕೊಮ್ಮೆ ಒಂದು ಸಣ್ಣ ಬ್ಯಾಂಕು ಮುಳುಗುತ್ತದೆ, ವಾರದೊಳಗೆ ಜನರ ದುಡ್ಡು ಜನರ ಕೈಗೆ ಬರುತ್ತದೆ, ಗೆರೆ ಒಮ್ಮೆ ಸೀನಿ ಮತ್ತೆ ನಡೆಯುತ್ತದೆ, ನಮ್ಮದು ಹಾಗಲ್ಲ, ಬಂಡೆ, ಮೂವತ್ತು ವರ್ಷ ಕದಲಲಿಲ್ಲ, ಆಮೇಲೆ ಒಂದೇ ಒಂದು ವರ್ಷ ನಿಂತಲ್ಲೇ ಕುಸಿದು ಪಾತಾಳ ಕಂಡಿತು, ನಿರ್ದೇಶಕರ ಲೇಸರ್ ಚುಕ್ಕಿ ಅಲ್ಲೇ ಸುತ್ತುತ್ತಿದೆ, ಈ ತಗ್ಗು ಯಾಕಮ್ಮಾ ಬೇಕು, ಅದೊಂದು ವರ್ಷ ತೆಗೆದು ಹಿಂದುಮುಂದಿನ ಸರಾಸರಿ ಹಾಕಿಬಿಡಿ, ಎಲ್ರೂ ಹಾಗೇ ಮಾಡೋದು, ಆಮೇಲೆ ಪೂರ್ತಿ ವಾಪಸ್ ಕೊಟ್ಟಿದೀವಲ್ಲ, ಠೇವಣಿದಾರರ ನಷ್ಟ ಸೊನ್ನೆ.

ಸೊನ್ನೆ, ನಿಜ, ಚಿಲ್ಲರೆ ಸಮೇತ ಬಂತು, ಆರು ವರ್ಷ ಬಿಟ್ಟು, ಅಷ್ಟರಲ್ಲಿ ಅತ್ತೆಗೆ, ಅಪ್ಪನ ತಂಗಿಗೆ, ಚೆಕ್ಕಿನ ಅಂಚನ್ನು ಬೆರಳಲ್ಲಿ ಸವರುವುದಷ್ಟೇ ಉಳಿದಿತ್ತು, ಕಣ್ಣಿನ ಆಪರೇಷನ್ನಿಗೆಂದು ಕೂಡಿಟ್ಟದ್ದು ಅದು, ತಡ ಮಾಡಬೇಡಿ ಅಂದಿದ್ದರು ಡಾಕ್ಟರು, ಅಪ್ಪ ಅದೇ ಬ್ಯಾಂಕಿನ ಕ್ಯಾಷಿಯರ್, ಬ್ಯಾಂಕು ಮುಳುಗುವ ಹಿಂದಿನ ವಾರ ನಮ್ಮ ಅಡುಗೆಮನೆ ಬಾಗಿಲಲ್ಲಿ ನಿಂತು ಅತ್ತೆ ಕೇಳಿದಳು, ಅಣ್ಣಾ, ಜನ ಏನೇನೋ ಅಂತಿದಾರೆ, ದುಡ್ಡು ತೆಗೆದುಬಿಡ್ಲಾ, ಅಪ್ಪ ನಕ್ಕ, ನಾನಿಲ್ವೇನೇ ಅಲ್ಲಿ, ಸುಮ್ನೆ ಹೋಗಿ ಮಲ್ಕೋ — ಯಾರು ಕೇಳಿದರೂ ಹೀಗೇ ಹೇಳಿ ಎಂದು ಮೇಲಿನವರು ಹೇಳಿದ್ದರು, ಅಪ್ಪ ಆಯ್ತು ಸರ್ ಅಂದಿದ್ದ, ನಂಬಿಯೂ ಇದ್ದ, ಅವನ ದುಡ್ಡೂ ಅಲ್ಲೇ ಇತ್ತು.

ಸೋಮವಾರ ಬ್ಯಾಂಕು ತೆರೆಯಲಿಲ್ಲ, ಶಟರ್ ಮೊಣಕಾಲೆತ್ತರಕ್ಕೆ ನಿಂತಿತ್ತು, ಒಳಗಿದ್ದ ಅಪ್ಪನಿಗೆ ಬೀದಿಯ ಕಾಲುಗಳಷ್ಟೇ ಕಾಣುತ್ತಿದ್ದವು, ಎಷ್ಟೋ ಚಪ್ಪಲಿ, ನಡುವೆ ಅತ್ತೆಯವು, ಅಪ್ಪನೇ ಪಟ್ಟಿಗೆ ಮೊಳೆ ಹೊಡೆದು ಕೊಟ್ಟವು, ಶಟರಿಗೆ ಎತ್ತರದಲ್ಲಿ ಅಂಟಿಸಿದ ನೋಟಿಸು ಓದಲು ಅವಳ ಹಿಮ್ಮಡಿ ಎರಡೂ ನೆಲ ಬಿಟ್ಟು ಮೇಲೆದ್ದವು, ಅಪ್ಪ ಇದನ್ನೇ ಹೇಳುತ್ತಿದ್ದ, ಊಟದ ನಡುವೆ, ಬಸ್ಸಿಗೆ ಕಾಯುವಾಗ, ಹಿಮ್ಮಡಿ ಎತ್ತಿದ್ಲು ಕಣೇ, ಅತ್ತೆ ಅವನನ್ನು ದೂರಲಿಲ್ಲ, ಅಣ್ಣಾ ಊಟ ಆಯ್ತಾ ಎಂದು ಕೇಳುವುದನ್ನೂ ಬಿಡಲಿಲ್ಲ, ಬೈದಿದ್ದರೆ ಅಪ್ಪ ಇನ್ನಷ್ಟು ಕಾಲ ಬದುಕುತ್ತಿದ್ದನೇನೋ — ಏನಮ್ಮಾ, ಗಮನ ಎಲ್ಲಿದೆ, ಆ ವರ್ಷ ತೆಗೀತೀರಲ್ಲ, ಅತ್ತೆಯನ್ನು ಯಾವ ಸರಾಸರಿಗೆ ಸೇರಿಸಲಿ, ಇಲ್ಲ ಅನ್ನಬೇಕು, ಮೂವತ್ತು ವರ್ಷ ಕದಲದ್ದಕ್ಕಿಂತ ಆ ಒಂದು ವರ್ಷವೇ ನಾವು ಏನೆಂದು ಹೇಳುತ್ತದೆ, ತಗ್ಗು ಇರಲಿ ಬಿಡಿ ಅನ್ನಬೇಕು, ಬಾಯಿ ತೆರೆದೆ, ಆಯ್ತು ಸರ್, ನನ್ನದೇ ದನಿ, ಕೀಲಿ ಒತ್ತಿದ್ದೂ ನನ್ನದೇ ಬೆರಳು, ನೀಲಿ ಗೆರೆ ಸಪಾಟಾಯಿತು, ಈಗ ನೋಡಿ ಎಷ್ಟು ಚೆಂದ ಅಂದರು ಯಾರೋ, ಗೆರೆಯ ಕೆಳಗೆ, ಮೊಣಕಾಲೆತ್ತರದ ಸಂದಿಯಲ್ಲಿ, ಎರಡು ಹಿಮ್ಮಡಿ, ನೆಲ ಬಿಟ್ಟ ಹಿಮ್ಮಡಿ, ಕೆಳಗಿಳಿಯುತ್ತಿಲ್ಲ