ಗಾಲಿ ಒರೆಸಿದ ದೋತ್ರ

ಮಾಂತು ವಾರವೆಲ್ಲ ಪುಣೆಯ ಕಾತ್ರಜದ ಟೈರಿನ ಅಂಗಡಿಯಲ್ಲಿ ದುಡಿಯುತ್ತಿದ್ದ. ಭಾನುವಾರ ಮನೆಯ ಅಂಗಳದಲ್ಲಿ ಲಾರಿಗಳ ಅಲ್ಯೂಮಿನಿಯಂ ಗಾಲಿಗಳಿಗೆ ಹೊಳಪು ಕೊಡುವುದು ಅವನ ಸ್ವಂತ ಉದ್ಯೋಗ. ದ್ರಾವಣ ಬಳಿದರೆ ಹಳೆಯ ಲೇಪನ ಉಬ್ಬಿ ಸಿಪ್ಪೆಯಂತೆ ಏಳುತ್ತದೆ. ಅದನ್ನು ಕೆರೆದು ತೊಳೆದು, ನೀರು ಹಾಕುತ್ತ ಪಾಲಿಶ್ ಕಾಗದದಿಂದ ತಿಕ್ಕಿ, ಆಮೇಲೆ ಪೇಸ್ಟು ಹಚ್ಚಿ ಮಷೀನು ಹಿಡಿಯಬೇಕು. ಇಷ್ಟನ್ನು ಯಾರು ಬೇಕಾದರೂ ಮಾಡಿಯಾರು, ಮರ್ಮವೆಲ್ಲ ಇರುವುದು ಕೊನೆಯ ಒರೆಸುವಿಕೆಯಲ್ಲಿ ಎಂದು ಅವನ ಜಂಬ. ಅದಕ್ಕೆ ಸವೆದ ಹತ್ತಿ ಬಟ್ಟೆಯೇ ಆಗಬೇಕು. ತನ್ನ ಕೆನ್ನೆಗೆ ಉಜ್ಜಿ ನೋಡಿ, ಚುಚ್ಚದಿದ್ದರೆ ಮಾತ್ರ ಗಾಲಿಗೆ ಮುಟ್ಟಿಸುತ್ತಿದ್ದ.

"ಗಾಲಿ ಅಂದ್ರ ಕೂಸಿನ ಕೆನ್ನಿ ಇದ್ದಂಗ," ಎಂದು ಹೆಂಡತಿ ರೇಣುಗೆ ಹೇಳುತ್ತಿದ್ದ. ರೇಣು ಆಗ ತುಂಬಿದ ಬಸುರಿ. ಗಾಲಿಗೆ ಮಾಡುವ ಮುದ್ದು ನೋಡಿ ನಗುತ್ತಿದ್ದಳು.

ಆ ಭಾನುವಾರ ಲಾರಿ ಮಾಲೀಕ ಅವಧೂತ ಸಂಜೆಯೊಳಗೆ ಬರುವವನಿದ್ದ. ಮರುದಿನ ಅವನ ಲಾರಿಗೆ ಪೂಜೆ. ಇನ್ನೊಂದೇ ಗಾಲಿ ಬಾಕಿ ಇರುವಾಗ ಮಾಂತುವಿನ ಚಿಂದಿಯೆಲ್ಲ ಮುಗಿಯಿತು. ರೇಣು ತನ್ನ ತಾಯಿಯ ಜೊತೆ ಗುಡಿಗೆ ಹೋಗಿದ್ದಳು. ಒಳಗೆ ಬಂದು ಹುಡುಕಿದವನಿಗೆ ಮಂಚದ ಕೆಳಗೆ ಅತ್ತೆಯ ಬಟ್ಟೆಯ ಗಂಟು ಕಂಡಿತು.

ಅತ್ತೆ ಕಾಶವ್ವ ಮುದ್ದೇಬಿಹಾಳದವಳು. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕಿತ್ತು. ಡಾಕ್ಟರು ದೂರದ ಪ್ರಯಾಣ ಬೇಡವೆಂದದ್ದರಿಂದ ತವರೇ ಬಸ್ಸು ಹತ್ತಿ ಪುಣೆಗೆ ಬಂದಿತ್ತು, ಈ ಗಂಟನ್ನು ಮಡಿಲಲ್ಲಿಟ್ಟುಕೊಂಡು. ಮಾಂತು ಬಿಚ್ಚಿದಾಗ ಮೇಲೆಯೇ ಒಂದು ಹಳೆಯ ದೋತ್ರ, ಮಡಿಕೆಗಳ ನಡುವೆ ಒಣಗಿದ ಬೇವಿನ ಎಲೆ. ಹಳೆ ಬಟ್ಟೆಯನ್ನು ಇಷ್ಟು ಜೋಪಾನ ಯಾರಾದರೂ ಮಾಡುತ್ತಾರೆಯೇ ಎಂಬ ವಿಚಾರ ಅವನಿಗೆ ಬರಲಿಲ್ಲವೆಂದಲ್ಲ. ಬಂತು. ಆದರೆ ಅಷ್ಟರಲ್ಲಿ ದೋತ್ರ ಅವನ ಕೆನ್ನೆಗೆ ತಾಗಿತ್ತು. ಅಂಥ ಮೆತ್ತನೆಯ ಬಟ್ಟೆಯನ್ನು ಅವನು ಜನ್ಮದಲ್ಲಿ ಮುಟ್ಟಿರಲಿಲ್ಲ. ಪರ್ರನೆ ಹರಿದ.

ಗಾಲಿ ಅವನ ಮುಖವನ್ನೇ ತೋರಿಸತೊಡಗಿತು. ಬಟ್ಟೆ ಮಸಿಯಾಯಿತು; ಅಲ್ಯೂಮಿನಿಯಂ ಹಾಗೆಯೇ, ತಾನು ಬೆಳ್ಳಗಾಗುತ್ತ ಒರೆಸಿದ್ದನ್ನು ಕಪ್ಪು ಮಾಡುತ್ತದೆ. ಅವಧೂತ ಬಂದವನೇ, "ಕಾಯ್ ಮಾಂತೂ, ಆರಸಾಚ್ ಕೇಲಾಸ್ ರೇ!" ಕನ್ನಡಿಯನ್ನೇ ಮಾಡಿಬಿಟ್ಟೆಯಲ್ಲೋ ಎಂದು ಮರಾಠಿಯಲ್ಲಿ ಹೊಗಳಿ, ಗಾಲಿಯಲ್ಲಿ ನೋಡಿ ಮೀಸೆ ತಿರುವಿಕೊಂಡ. ಮಾಂತು ಉಬ್ಬಿಹೋದ.

ಎರಡು ದಿನ ಬಿಟ್ಟು ಕಾಶವ್ವ ಹಳೆ ಬಟ್ಟೆಯ ತುಂಡು ಕೂಡಿಸಿ ಕೂಸಿಗೆ ಕೌದಿ ಹೊಲಿಯಲು ಗಂಟು ಬಿಚ್ಚಿದಳು. ಮಾಂತು ಅಂಗಡಿಯಿಂದ ಬಂದು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದ.

"ರೇಣೂ, ನಿಮ್ಮಪ್ಪನ ದೋತ್ರ ಎಲ್ಲಿ?"

ರೇಣುವಿನ ಅಪ್ಪ ಹೊಳಬಸಪ್ಪ ತೀರಿಹೋಗಿ ವರ್ಷವಾಗಿತ್ತು. ಅಡತಿ ಅಂಗಡಿಯ ಗುಮಾಸ್ತ, ಎರಡೇ ದೋತ್ರದ ಆಸಾಮಿ. ಒಂದು ಅವನ ಜೊತೆ ಮಣ್ಣಿಗೆ ಹೋಯಿತು. ಇನ್ನೊಂದನ್ನು ಕಾಶವ್ವ ತೆಗೆದಿಟ್ಟದ್ದು ಅವನ ಮಾತಿಗಾಗಿ. "ನನ್ನ ಮೊಮ್ಮಗ ನನ್ನ ದೋತ್ರದ ಮ್ಯಾಲೆ ಉಚ್ಚಿ ಹೊಯ್ಬೇಕು ನೋಡ," ಎಂದು ಹಾಸಿಗೆ ಹಿಡಿದ ಮೇಲೂ ನಗುತ್ತಿದ್ದನಂತೆ.

"ಹ್ವಾದ ವಾರ ಭಾಂಡೆಯಾಕಿಗೆ ಹಳೆ ಅರಬಿ ಹಾಕಿದೆಲ್ಲ, ಅದರಾಗ ಹಾಕಿದೇನ? ಒಂದು ಸ್ಟೀಲ್ ಡಬ್ಬಿ ಆಸೆಕ್ಕ ಅಪ್ಪನ್ನ ಕೊಟ್ಟೇನ?"

ಹಳೆ ಬಟ್ಟೆಗೆ ಪಾತ್ರೆ ಕೊಟ್ಟು ಹೋಗುವವಳ ಮಾತನ್ನು ಕಾಶವ್ವ ಎತ್ತಿದಾಗ ರೇಣು ಮೊದಲು ಇಲ್ಲವೆಂದಳು. ಆಮೇಲೆ ಗೊತ್ತಿಲ್ಲವೆಂದಳು. ಕಡೆಗೆ, ಹಾಕಿರಬೇಕು ಎಂದು ಅಳತೊಡಗಿದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡನಂತೆ. ಮಾಂತು ಕಪ್ಪು ಉಗುರುಗಳ ಕೈಯನ್ನು ಜೇಬಿಗೆ ತುರುಕಿದ. "ಸಿಗತದ ಬಿಡ್ರಿ," ಎಂದ. ಎಂಥ ಧೈರ್ಯವಂತ!

ರೇಣು ಹೊಟ್ಟೆ ಹೊತ್ತುಕೊಂಡು ಭಾಂಡೆಯವಳನ್ನು ಹುಡುಕಲು ಹೊರಟಳು. ಬೇಡವೆಂದರೂ ಕೇಳಲಿಲ್ಲ. ಮಾಂತು ಹಿಂದೆಯೇ ಹೋದ. ಹೋದದ್ದಷ್ಟೇ ಅಲ್ಲ, ಓಣಿ ಓಣಿಯಲ್ಲಿ ತಾನೇ ಮುಂದಾಗಿ "ಭಾಂಡೀವಾಲೀ ಪಾಹಿಲೀ ಕಾ?" ಎಂದು ಮನೆಮನೆಗೆ ವಿಚಾರಿಸಿದ. ತನ್ನ ಗಂಟಲಿನಿಂದ ಆ ಮಾತು ಅಷ್ಟು ಸಲೀಸಾಗಿ ಬರುವುದನ್ನು ಕೇಳಿ ಅವನಿಗೇ ಹೇಸಿಗೆಯಾಯಿತು. ಆದರೂ ಮುಂದಿನ ಮನೆಯಲ್ಲಿ ಮತ್ತೆ ಕೇಳಿದ.

ಏರು ದಾರಿ. ರೇಣು ಯಾರದೋ ಮನೆಯ ಮೆಟ್ಟಿಲ ಮೇಲೆ ಕುಸಿದು ಕೂತಳು. "ಅಪ್ಪ ಕೇಳಿದ್ದ ಒಂದ. ಅದನ್ನೂ ಕಳದ್ನೆಲ್ರೀ ನಾ. ಎಂಥಾ ಮಗಳು ನಾ?"

ಆ ಮನೆಯ ಹೆಂಗಸು ನೀರು ತಂದು ಕೊಟ್ಟಳು. ರೇಣು ಲೋಟ ಕೆಳಗಿಟ್ಟು ಮುಂದಿನ ಓಣಿಯ ಕಡೆ ಕೈ ತೋರಿಸಿದಳು. ಮಾಂತುವಿಗೆ ಇನ್ನು ತಡೆಯಲಾಗಲಿಲ್ಲ.

"ನೀ ಕಳದಿಲ್ಲ. ನಾ ಗಾಲಿ ಒರಸೀನಿ."

"ಹರದ್ರಿ, ತಪ್ಪಾತು, ಇರಲಿ. ನಾ ಅಳೋದು ನೋಡಿಕೋತ ಓಣಿ ತುಂಬ ಅಡ್ಡಾಡಿದ್ರೆಲ್ಲ!" ಎಂದು ರೇಣು ಎದ್ದಳು. ಅವನು ಚಾಚಿದ ಕೈ ಹಿಡಿಯದೆ ಗೋಡೆ ಹಿಡಿದು ಇಳಿದಳು.

ಮನೆಯಲ್ಲಿ ಮಾಂತು ಅತ್ತೆಯ ಮುಂದೆ ತಲೆ ತಗ್ಗಿಸಿ ಎಲ್ಲವನ್ನೂ ಹೇಳಿದ. ಬಯ್ಯಲಿ, ಶಾಪ ಹಾಕಲಿ ಎಂದು ಕಾದ. ಆದರೆ ಅತ್ತೆ ಅಳಿಯನನ್ನು ಬಯ್ಯುವ ಪದ್ಧತಿ ಆ ಕಡೆ ಇಲ್ಲ. ಕಾಶವ್ವ ತಲೆಯ ಮೇಲಿನ ಸೆರಗು ಸರಿಪಡಿಸಿಕೊಂಡು ಗೋಡೆಯ ಕಡೆ ತಿರುಗಿದಳು. "ರೇಣೂ, ಅವರಿಗೆ ಚಾ ಮಾಡು. ದಣದು ಬಂದಾರ."

ಅಂಗಳದ ಡಬ್ಬದಲ್ಲಿದ್ದ ಕಪ್ಪು ಚಿಂದಿಗಳನ್ನು ಕಾಶವ್ವ ತಾನೇ ಆರಿಸಿ ತಂದು ಒಗೆದಳು. ಎಷ್ಟು ತಿಕ್ಕಿದರೂ ಮಸಿ ನೀರೇ ಇಳಿಯಿತು. ಪಾಲಿಶ್ ಪೇಸ್ಟಿನ ವಾಸನೆ ಹೊಡೆಯುವ ಆ ಬಟ್ಟೆಯನ್ನು ಕೂಸಿನ ಮೈಗೆ ತಾಗಿಸುವಂತಿರಲಿಲ್ಲ. ಅವಳು ಒಂದು ಚೂರನ್ನು ಹಿಂಡಿ, ಬಿಡಿಸಿ, ಮತ್ತೆ ಹಿಂಡುತ್ತ ಕೂತದ್ದನ್ನು ಮಾಂತು ಕಿಟಕಿಯಿಂದ ನೋಡಿದ.

ಮರುದಿನ ಬೆಳಿಗ್ಗೆ, ಅವನು ಎದುರಿಗೇ ನಿಂತಿದ್ದರೂ ಅವಳು ಮಗಳನ್ನೇ ಕೇಳಿದಳು. "ಲಗ್ನದಾಗ ನಿಮ್ಮಪ್ಪ ಅಳ್ಯಾರಿಗೆ ಉಡಿಸಿದ ದೋತ್ರ ಅದ ಏನು?"

ಇತ್ತು. ಟ್ರಂಕಿನ ತಳದಲ್ಲಿ, ಅಂದು ಒಮ್ಮೆ ಉಟ್ಟದ್ದು, ಗಂಜಿ ಇನ್ನೂ ಬಿಟ್ಟಿರಲಿಲ್ಲ. ಕಾಶವ್ವ ಅಂಚಿನ ಮೇಲೆ ಕೈಯಾಡಿಸಿದಳು. "ಇದೂ ಅವರ ಕೈಲೆ ಕೊಟ್ಟದ್ದ. ಆದರ ಹೊಸಾ ಅರಬಿ, ಕೂಸಿಗೆ ಚುಚ್ಚತದ. ದಿನಾ ಉಡಲಿ ಅಂತ ಹೇಳು. ಉಟ್ಟಷ್ಟೂ ಮೆತ್ತಗ ಆಗತದ."

ಪ್ಯಾಂಟು ಬಿಟ್ಟು ಬೇರೆ ಕಾಣದ ಮಾಂತು ಸಂಜೆಯಾದರೆ ದೋತ್ರ ಉಟ್ಟು ಮುಗ್ಗರಿಸತೊಡಗಿದ. ರಾತ್ರಿ ಅದರಲ್ಲೇ ಮಲಗುತ್ತಿದ್ದ. ಬೆಳಿಗ್ಗೆ ಕಾಶವ್ವ ಅದನ್ನು ಬಂಡೆಗೆ ಎತ್ತಿ ಎತ್ತಿ ಒಗೆಯುತ್ತಿದ್ದಳು. ಬಾಯಲ್ಲಿ ಆಡಲಾಗದ್ದೆಲ್ಲ ಆ ಏಟಿನಲ್ಲಿ ಕೇಳಿಸುತ್ತಿತ್ತು. ಇನ್ನೊಂದು ಜೋಡಿ ಗಾಲಿ ತಂದ ಅವಧೂತ, "ಪುಜಾರೀ ಝಾಲಾಸ್ ಕಾಯ್ ರೇ?" ಎಂದು ಹೊಟ್ಟೆ ಹಿಡಿದು ನಕ್ಕ. ಮಾಂತು ಗಾಲಿ ಮುಟ್ಟಲಿಲ್ಲ. ಹೆರಿಗೆ ಆಗುವವರೆಗೆ ಕೆಲಸ ಇಲ್ಲವೆಂದು ಕಳಿಸಿಬಿಟ್ಟ.

ರೇಣು ಊಟ ಬಡಿಸುತ್ತಿದ್ದಳು, ಮಾತು ಬಡಿಸುತ್ತಿರಲಿಲ್ಲ. ಹೆರಿಗೆಯ ದಿನ ಹತ್ತಿರ ಬಂತು. ಕೌದಿಯ ಸುತ್ತಲೆಲ್ಲ ಹೊಲಿದಾಗಿತ್ತು, ದೋತ್ರಕ್ಕೆಂದು ಬಿಟ್ಟ ನಡುವಿನ ಜಾಗ ಖಾಲಿ.

ಒಂದು ಸಂಜೆ ಮಾಂತು ಹೊಸ್ತಿಲಲ್ಲಿ ಕೂತು, ದೋತ್ರದ ಸೆರಗನ್ನು ಕೆನ್ನೆಗೆ ಉಜ್ಜಿ ನೋಡುತ್ತಿದ್ದ. ರೇಣು ಬಂದು ನಿಂತದ್ದು ಗೊತ್ತಾಗಲಿಲ್ಲ. ಅವಳು ಅವನ ಕೈಯಿಂದ ಸೆರಗು ತೆಗೆದುಕೊಂಡು, ಬಗ್ಗಲಾಗದೆ ಬಗ್ಗಿ, ತನ್ನ ಕೆನ್ನೆಗೆ ಒತ್ತಿಕೊಂಡಳು.

"ಇನ್ನೂ ಚುಚ್ಚತದ," ಎಂದಳು. "ನಾಳೆನೂ ಉಡ್ರಿ."